135ಸಿ, ಮೊಹಿಟೊ ಮತ್ತು ಅತ್ತೆಯ ಅಪ್ಪೆಹುಳಿ

ಬೇಸಿಗೆಯ ಕಾಕ್‌ಟೇಲುಗಳನ್ನು "ಮನೆಯಲ್ಲೇ ಸುಲಭವಾಗಿ ಮಾಡಿಕೊಳ್ಳಿ" ಎಂದು ಬರೆಯುವವರೆಲ್ಲ ಒಂಟಿ ಜೀವಿಗಳಿರಬೇಕು. ಬೇಕಾಗುವ ಸಾಮಾನಿನ ಪಟ್ಟಿಯನ್ನೇ ನೋಡಿ: ನಿಂಬೆಹಣ್ಣು, ಪುದೀನ, ಸಕ್ಕರೆ, ಶುಂಠಿ, ಉಪ್ಪು, ಐಸು. ಇವುಗಳಲ್ಲಿ ಒಂದಾದರೂ ಗಂಡಸಿನ ಸುಪರ್ದಿಯಲ್ಲಿದೆಯೇ? ನಮ್ಮ ಮನೆಯಲ್ಲಂತೂ ಇಲ್ಲ. ನಿಂಬೆಹಣ್ಣು ಚಿತ್ರಾನ್ನಕ್ಕೆ ಮೀಸಲು, ಪುದೀನ ನಾಳಿನ ಪಲಾವಿಗೆ, ಶುಂಠಿ ಅತ್ತೆಯವರ ಕಷಾಯಕ್ಕೆ. ಫ್ರೀಜರಿನಲ್ಲಿ ಐಸ್ ಟ್ರೇ ಇರಬೇಕಾದ ಜಾಗದಲ್ಲಿ ಸಂಕ್ರಾಂತಿಯ ಹೊತ್ತಿಗೆ ಹಿತುಕಿಟ್ಟ ಅವರೆಬೇಳೆ ಏಪ್ರಿಲ್‌ವರೆಗೂ ಕಲ್ಲಾಗಿ ಕೂತಿರುತ್ತದೆ. ನನ್ನದು ಅಂತ ಹೇಳಿಕೊಳ್ಳಬಹುದಾದ ವಸ್ತು ಒಂದೇ, ಬೀರುವಿನ ನೆತ್ತಿಯ ಮೇಲೆ ಹಳೆಯ ಸೂಟ್‌ಕೇಸಿನ ಹಿಂದೆ ಅಡಗಿಸಿಟ್ಟ ಬಾಟಲಿ. ಅದು ಅಲ್ಲಿದೆ ಅಂತ ಗೊತ್ತಿಲ್ಲದವರು ಮನೆಯಲ್ಲಿ ಯಾರೂ ಇಲ್ಲ. ಕಸ ಗುಡಿಸಲು ಬರುವಾಕೆ ಆಗಾಗ ಅದರ ಧೂಳನ್ನೂ ಒರೆಸಿಟ್ಟು ಹೋಗುತ್ತಾಳೆ.

2024ರ ಬೇಸಿಗೆ ನೆನಪಿದೆಯಲ್ಲ? ಫ್ಯಾನೇ ಬೇಡದ ಊರು ಅಂತ ಹೆಸರು ಮಾಡಿದ್ದ ಬೆಂಗಳೂರಲ್ಲಿ ಆ ಏಪ್ರಿಲ್ 28ಕ್ಕೆ 38.5 ಡಿಗ್ರಿ ಬಿಸಿಲು ಕಾಯಿತು. 2016ರ ಏಪ್ರಿಲಿನ 39.2 ಡಿಗ್ರಿಯ ದಾಖಲೆ ಕೂದಲೆಳೆಯಲ್ಲಿ ಉಳಿದುಕೊಂಡಿತು. ಬೋರ್‌ವೆಲ್ಲುಗಳು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಿತ್ತು. ಅಂಥ ಕಾಲದಲ್ಲಿ ವಿಸ್ಕಿಗೆ ಅಷ್ಟಷ್ಟು ನೀರು ಸುರಿದುಕೊಂಡು ಕುಡಿಯುವುದು ನಾಗರಿಕನಿಗೆ ತಕ್ಕ ನಡವಳಿಕೆಯಲ್ಲ ಎಂದು ನನಗೆ ತೋರಿತು. ನೀರಿನ ಬದಲು ನಿಂಬೆರಸ, ಸೋಡಾ, ಎಲೆ, ಹಣ್ಣು. ಇದನ್ನು ಮನೆಯಾಕೆಗೆ ಜಲಸಂರಕ್ಷಣೆಯ ಭಾಷೆಯಲ್ಲೇ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಐಸು ಯಾವುದರಲ್ಲಿ ಮಾಡ್ತೀರಿ?" ಅಂದಳು.

ಕಾಕ್‌ಟೇಲಿನ ಲೆಕ್ಕ, ಪುಸ್ತಕದಲ್ಲಿ ನೋಡಿದರೆ, ಮಗ್ಗಿಗಿಂತ ಸರಳ. ಹುಳಿ ಸೇರುವ ಪಾನೀಯಕ್ಕೆಲ್ಲ ಎರಡು ಪಾಲು ಮದ್ಯ, ಒಂದು ಪಾಲು ನಿಂಬೆರಸ, ಒಂದು ಪಾಲು ಸಕ್ಕರೆ ಪಾಕ. ಆಮೇಲೆ ನಾಲಿಗೆಗೆ ಹೊಂದುವಂತೆ ಹೆಚ್ಚು ಕಡಿಮೆ. ಪಾಕಕ್ಕೆ ಸಕ್ಕರೆ, ನೀರು ಸಮ ಸಮ. ಎಳೆ ಬರಿಸುವ ಉಪದ್ವ್ಯಾಪವಿಲ್ಲ, ಕರಗಿದರೆ ಆಯಿತು. ನಾನು ಪಾತ್ರೆ ಇಳಿಸುವಾಗ ಅತ್ತೆ ಬಂದು ಎರಡು ಬೆರಳಿನ ನಡುವೆ ಒಂದು ಹನಿ ಹಿಡಿದು ನೋಡಿದರು. "ಒಂದೆಳೆಯೂ ಬಂದಿಲ್ಲ. ಇದರಲ್ಲಿ ಏನೂ ಕಟ್ಟೋದಕ್ಕಾಗಲ್ಲ" ಅಂದರು. ಕಟ್ಟುವುದಕ್ಕಲ್ಲ ಅಂದೆ. ಮತ್ತೆ ಸಕ್ಕರೆ ಯಾಕೆ ಹಾಳು ಮಾಡಿದಿರಿ ಎಂಬ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ. ಅವರು ಶಿರಸಿ ಕಡೆಯವರು, ಅಳಿಯನ ಮಾನಕ್ಕೆ ಅಷ್ಟು ಬೆಲೆ ಕೊಡುತ್ತಾರೆ.

ಮುಂದಿನದು ಅಳತೆ. ಬಾರುಗಳಲ್ಲಿ 30 ಎಂ.ಎಲ್., 60 ಎಂ.ಎಲ್.ನ ಪುಟ್ಟ ಲೋಹದ ಬಟ್ಟಲಿರುತ್ತದೆ. ನಮ್ಮ ಮನೆಯಲ್ಲಿ ಎಂ.ಎಲ್. ಗುರುತಿದ್ದ ಪಾತ್ರೆ ಕೆಮ್ಮಿನ ಸಿರಪ್ಪಿನ ಮುಚ್ಚಳ ಮಾತ್ರ, ಅದೂ 10 ಎಂ.ಎಲ್.ನದು. ಅರವತ್ತು ಆಗಬೇಕಾದರೆ ಆರು ಸಲ ಬಗ್ಗಿಸಬೇಕು. ಮೂರೋ ನಾಲ್ಕೋ ಆಗಿರುವಾಗ ಮನೆಯಾಕೆ ಹಾದುಹೋಗುತ್ತ, "ಊಟಕ್ಕೆ ಮುಂಚೆಯದೋ, ಆಮೇಲಿನದೋ?" ಅಂದಳು. ಲೆಕ್ಕ ತಪ್ಪಿತು. ತಪ್ಪಿದ ಲೆಕ್ಕವನ್ನು ನಾನು ಯಾವತ್ತೂ ಕುಡಿಯುವವನ ಪರವಾಗಿಯೇ ತಿದ್ದುತ್ತೇನೆ.

ಮೊದಲಿಗೆ ಮೊಹಿಟೊ. ಕ್ಯೂಬಾದ ಹವಾನಾದ್ದು. 45 ಎಂ.ಎಲ್. ಬಿಳಿ ರಮ್, 20 ಎಂ.ಎಲ್. ನಿಂಬೆರಸ, ಎರಡು ಚಮಚ ಸಕ್ಕರೆ, ಒಂದು ಹಿಡಿ ಪುದೀನ, ಮೇಲೆ ಸೋಡಾ. ಪುದೀನವನ್ನು ಸಕ್ಕರೆ ಮತ್ತು ನಿಂಬೆರಸದ ಜತೆ ಗ್ಲಾಸಿನ ತಳದಲ್ಲಿ ನೋಯಿಸದೆ ಒತ್ತಬೇಕು; ಅರೆದುಬಿಟ್ಟರೆ ಎಲೆಯ ಕಹಿಯೆಲ್ಲ ಹೊರಗೆ. ಒತ್ತಲು ಮರದ ಕೋಲು ಬೇಕು. ನನ್ನ ಕೈಗೆ ಸಿಕ್ಕಿದ್ದು ಕುಟ್ಟಾಣಿ. ಅದರಲ್ಲಿ ಆ ಬೆಳಿಗ್ಗೆಯೇ ಸಾರಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿದ್ದರು. ತೊಳೆದೆ. ಕಲ್ಲಿನ ಕುಟ್ಟಾಣಿಯನ್ನು ತೊಳೆದವರಿಗೆಲ್ಲ ಗೊತ್ತು, ಅದು ಕುಟ್ಟಿಸಿಕೊಂಡಿದ್ದನ್ನು ಸುಲಭಕ್ಕೆ ಮರೆಯುವುದಿಲ್ಲ. ಹವಾನಾದ ಸಮುದ್ರತೀರದಲ್ಲಿ ಕೂತು ಹೀರಬೇಕಾದ ಪಾನೀಯ ನಮ್ಮಲ್ಲಿ ಮೆಣಸಿನ ಸಾರಾಗಿ ಅವತರಿಸಿತು. ರುಚಿ ನೋಡಿದ ಮಗ, "ಅಪ್ಪಾ, ಇದಕ್ಕೆ ಅನ್ನ ಇಲ್ವಾ?" ಅಂದ. ಅವನಿಗೆ ಮೂವತ್ತು ದಾಟಿದೆ. ಬೇರೆಯವರ ಮನೆಯಲ್ಲಿ ಇದಕ್ಕಿಂತ ಒಳ್ಳೆಯದು ಕುಡಿದು ಬಂದವನ ಧಾಟಿ ಅದು.

ಮೊಹಿಟೊದಲ್ಲಿ ಅಲಂಕಾರಕ್ಕೂ ಒಂದು ಶಾಸ್ತ್ರವಿದೆ. ಪುದೀನದ ಕುಡಿಯನ್ನು ಸುಮ್ಮನೆ ಸಿಕ್ಕಿಸಬಾರದು. ಒಂದು ಅಂಗೈ ಮೇಲಿಟ್ಟು ಇನ್ನೊಂದರಿಂದ ಪಟ್ ಅಂತ ತಟ್ಟಬೇಕು. ಆಗ ಎಲೆಯೊಳಗಿನ ಎಣ್ಣೆ ಬಿಟ್ಟುಕೊಂಡು ಘಮ್ಮೆನ್ನುತ್ತದೆ. ಇದು ನಿಜಕ್ಕೂ ಕೆಲಸ ಮಾಡುವ ಉಪಾಯ, ನೀವೂ ಮಾಡಿನೋಡಿ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಮಾಡಬೇಡಿ. ನಾನು ಗ್ಲಾಸಿಗೊಂದರಂತೆ ತಾಳಬದ್ಧವಾಗಿ ತಟ್ಟುತ್ತಿದ್ದಾಗ ಹಾಲಿನಿಂದ ಅತ್ತೆಯ ದನಿ ಬಂತು: "ಮಂಗಳಾರತಿ ಶುರು ಮಾಡಿಬಿಟ್ರಾ? ತಡೀರಿ, ಬಂದೆ." ಬಂದರು, ಕೈಮುಗಿದುಕೊಂಡೇ ಬಂದರು. ಗ್ಲಾಸುಗಳ ಸಾಲಿಗೆ ಒಮ್ಮೆ ಕೈಮುಗಿದೂ ಆಯಿತು. ಅದಾದಮೇಲೆ ಅದನ್ನು ಕುಡಿಯಲು ನನಗೇ ಧೈರ್ಯ ಸಾಲಲಿಲ್ಲ.

ಎರಡನೆಯ ಸುತ್ತಿಗೆ ಜಿನ್ ಮತ್ತು ಟಾನಿಕ್ ಆರಿಸಿದೆ, ಕುಟ್ಟುವ ತಟ್ಟುವ ಕೆಲಸವೇ ಇಲ್ಲ ಅಂತ. ಎತ್ತರದ ಗ್ಲಾಸು ತುಂಬ ಐಸು, ಒಂದು ಪಾಲು ಜಿನ್ನಿಗೆ ಎರಡು ಮೂರು ಪಾಲು ಟಾನಿಕ್, ಒಂದು ಹೋಳು ನಿಂಬೆ. ಬುದ್ಧಿಗೇಡಿಯೂ ಮಾಡಬಹುದಾದದ್ದು. ಹಾಗಾಗಿ ನನಗೆ ಕೈಯ ಕೆಲಸ ಉಳಿಯಲಿಲ್ಲ, ಬಾಯಿಯ ಕೆಲಸಕ್ಕೆ ಇಳಿದೆ. ಇದು ಮದ್ಯವಲ್ಲ, ಔಷಧ ಎಂದು ಸಾಧಿಸಲು ಹೊರಟೆ. ಟಾನಿಕ್ಕಿನ ಕಹಿ ಸಿಂಕೋನಾ ಮರದ ತೊಗಟೆಯ ಕ್ವಿನೈನಿನದು. ಮಲೇರಿಯಾಕ್ಕೆ ಹೆದರಿ ಆ ಕಹಿ ನುಂಗಬೇಕಾಗಿದ್ದ ಬ್ರಿಟಿಷರು ಜಿನ್ನು, ನಿಂಬೆ, ಸಕ್ಕರೆ ಬೆರೆಸಿ ಗಂಟಲಿಗೆ ಇಳಿಸುತ್ತಿದ್ದರು. ಅದೇ ಮರವನ್ನು ದಕ್ಷಿಣ ಅಮೆರಿಕದಿಂದ ತಂದು ಪಕ್ಕದ ನೀಲಗಿರಿಯಲ್ಲಿ ನೆಟ್ಟರು. ಇಷ್ಟಕ್ಕೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ನಮ್ಮೂರಿನ ಅಭಿಮಾನ ಉಕ್ಕಿ ರೊನಾಲ್ಡ್ ರಾಸ್‌ನನ್ನೂ ಎಳೆದುತಂದೆ. 1883ರಲ್ಲಿ ಆತ ಸೇನೆಯ ವೈದ್ಯನಾಗಿ ಬೆಂಗಳೂರಲ್ಲಿದ್ದಾಗ, ಸೊಳ್ಳೆಗೆ ನಿಂತ ನೀರು ಸಿಗದ ಹಾಗೆ ಮಾಡಿದರೆ ಅದರ ಕಾಟ ತಗ್ಗುತ್ತದೆ ಎಂಬುದನ್ನು ಕಂಡುಕೊಂಡ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೇ ಮಲೇರಿಯಾದ ಜೀವಿಯನ್ನು ಹಿಡಿದ. 1902ರಲ್ಲಿ ನೊಬೆಲ್ ಬಂತು.

ಮನೆಯಾಕೆ ಗದ್ದಕ್ಕೆ ಕೈಕೊಟ್ಟು ಕೇಳಿದಳು. "ಅಂದರೆ ನೊಬೆಲ್ ಸಿಕ್ಕಿದ್ದು ಸೊಳ್ಳೆ ಹಿಡಿದವನಿಗೆ, ಜಿನ್ ಕುಡಿದವನಿಗಲ್ಲ. ಹಿತ್ತಲಲ್ಲಿ ಬಕೆಟ್ಟುಗಳಲ್ಲಿ ನೀರು ನಿಂತಿದೆ. ಹೋಗಿ ಬೋರಲು ಹಾಕಿ ಬನ್ನಿ. ಸುಮ್ಮನೆ ಚೆಲ್ಲಬೇಡಿ, ಗಿಡಕ್ಕೆ ಹಾಕಿ." ಬಕೆಟ್ಟುಗಳನ್ನೆಲ್ಲ ಖಾಲಿ ಮಾಡಿ ಬರುವಷ್ಟರಲ್ಲಿ ಐಸು ಕರಗಿತ್ತು, ಟಾನಿಕ್ಕಿನ ಗುಳ್ಳೆ ಸತ್ತಿತ್ತು. ಈಗಿನ ಟಾನಿಕ್ಕಿನಲ್ಲಿ ಕ್ವಿನೈನ್ ನಾಲಿಗೆಗೆ ಕಹಿಯಾಗುವಷ್ಟು ಮಾತ್ರ ಇರುತ್ತದೆ, ಮಲೇರಿಯಾ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಈ ಭಾಗವನ್ನು ನನ್ನ ಭಾಷಣದಲ್ಲಿ ಬಿಟ್ಟಿದ್ದೆ.

ಇಷ್ಟಾದರೂ ಬುದ್ಧಿ ಬರದೆ ಷೇಕರ್ ಕೊಂಡುತಂದೆ. ಮೂರು ಭಾಗದ ಸ್ಟೀಲು ಡಬ್ಬ: ಕೆಳಗೆ ಲೋಟ, ನಡುವೆ ಜರಡಿ ಕೂತ ಮುಚ್ಚಳ, ಮೇಲೊಂದು ಟೊಪ್ಪಿ. ಐಸು ಹಾಕಿ ಹತ್ತು ಹದಿನೈದು ಸೆಕೆಂಡು ಜೋರಾಗಿ ಕುಲುಕಿದರೆ ಡಬ್ಬದ ಮೈಮೇಲೆ ಮಂಜು ಕಟ್ಟುತ್ತದೆ. ಆಗ ಪಾನೀಯ ತಣ್ಣಗಾಯಿತು, ಐಸು ಬೇಕಾದಷ್ಟು ಕರಗಿ ಮದ್ಯದ ಖಾರ ಇಳಿಯಿತು ಅಂತ ಅರ್ಥ. ಇದರಲ್ಲಿ ಡೈಕಿರಿ ಮಾಡಿದೆ. ರಮ್, ನಿಂಬೆ, ಸಕ್ಕರೆ ಬಿಟ್ಟರೆ ಅದರಲ್ಲಿ ಬೇರೇನಿಲ್ಲ. ಕ್ಯೂಬಾದ ಡೈಕಿರಿ ಎಂಬ ಗಣಿಯಲ್ಲಿ ಎಂಜಿನಿಯರಾಗಿದ್ದ ಜೆನಿಂಗ್ಸ್ ಕಾಕ್ಸ್ ಎಂಬ ಅಮೆರಿಕನ್ ಸುಮಾರು 1898ರಲ್ಲಿ ಇದನ್ನು ಮೊದಲು ಮಾಡಿದ ಎನ್ನುತ್ತಾರೆ. ಆತ ಗಣಿಯ ಮನುಷ್ಯ, ಸಿಕ್ಕಿಹಾಕಿಕೊಂಡದ್ದನ್ನು ಹೊರಗೆ ತೆಗೆಯುವ ವಿದ್ಯೆ ಗೊತ್ತಿದ್ದವನು. ನನ್ನ ಷೇಕರಿನ ಮುಚ್ಚಳ ಮಾತ್ರ ಬರಲೇ ಇಲ್ಲ. ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿ ಒತ್ತುತ್ತದೆ, ತಣಿದ ಲೋಹ ಲೋಹವನ್ನು ಹಿಡಿದುಕೊಳ್ಳುತ್ತದೆ. ಭೌತಶಾಸ್ತ್ರ ನನಗೆ ಸ್ಪಷ್ಟವಾಗಿತ್ತು, ಡೈಕಿರಿ ಒಳಗಿತ್ತು. ಬಿಸಿನೀರು ಬಿಡೋಣವೆಂದರೆ ನಲ್ಲಿಯಲ್ಲಿ ನೀರಿಲ್ಲದ ದಿನ. ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ಎಳೆದೆ, ಬಾಗಿಲ ಸಂದಿಗೆ ಕೊಟ್ಟು ತಿರುಗಿಸಿದೆ. ಕೊನೆಗೆ ಮನೆಯಾಕೆ ಅದನ್ನು ಇಸಿದುಕೊಂಡು, ಅಡುಗೆಕಟ್ಟೆಯ ಅಂಚಿಗೆ ಓರೆಯಾಗಿ ಒಂದೇ ಒಂದು ಪೆಟ್ಟು ಕೊಟ್ಟಳು. ಉಪ್ಪಿನಕಾಯಿ ಭರಣಿಗಳ ಜತೆ ಪಳಗಿದ ಕೈ. ಟಕ್ಕನೆ ಬಂತು.

ಸೋಡಾ ಹಾಕಿ ಷೇಕರ್ ಕುಲುಕಬಾರದು ಎನ್ನುವ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಡುಗೆಮನೆಯ ತಾರಸಿ ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಈ ಎಲ್ಲ ಸಾಹಸಗಳ ನಡುವೆ ಒಂದೇ ಒಂದು ಪಾನೀಯ ಗೆದ್ದಿತು, ಅದೂ ನನ್ನದಲ್ಲ. ರಾಮನವಮಿ ಬಂತು. ಅತ್ತೆ ಪಾನಕ ಮಾಡಿದರು: ಬೆಲ್ಲ, ನಿಂಬೆರಸ, ಒಣಶುಂಠಿ, ಏಲಕ್ಕಿ, ಚೂರು ಕಾಳುಮೆಣಸು. ಒಂದು ಗುಟುಕು ಕುಡಿದವನೇ ನಿಂತುಬಿಟ್ಟೆ. ಬರ್ಮುಡಾದ ಕಡೆ ಕಪ್ಪು ರಮ್ಮಿಗೆ ಶುಂಠಿಯ ಸಿಹಿ ಬಿಯರು ಬೆರೆಸಿ ಜಗತ್ತಿಗೆಲ್ಲ ಹೆಸರು ಮಾಡಿದ್ದಾರಲ್ಲ, ರಮ್ಮೊಂದು ಬಿಟ್ಟು ಮಿಕ್ಕಿದ್ದೆಲ್ಲ ಈ ಹಿತ್ತಾಳೆ ಕೊಳದಪ್ಪಲೆಯಲ್ಲಿದೆ! ರಮ್ ಬರುವುದೂ ಕಬ್ಬಿನ ಕಾಕಂಬಿಯಿಂದ. ಬೆಲ್ಲಕ್ಕೆ ಅದು ದಾಯಾದಿ, ಸ್ವಲ್ಪ ದಾರಿ ತಪ್ಪಿದ ದಾಯಾದಿ. ಹಬ್ಬದ ಪಾನಕವನ್ನು ನಾನು ಮುಟ್ಟಲಿಲ್ಲ, ಅಷ್ಟು ಭಯಭಕ್ತಿ ಇದೆ. ಹಬ್ಬ ಕಳೆದಮೇಲೆ, ಸೆಕೆ ಅಂತ ನೆವ ಹೇಳಿ ಇನ್ನೊಮ್ಮೆ ಪಾನಕ ಮಾಡಿಸಿಕೊಂಡೆ. ಗ್ಲಾಸಿನ ತುಂಬ ಐಸು, 45 ಎಂ.ಎಲ್. ಕಪ್ಪು ರಮ್, ಮೇಲೆ ಪಾನಕ, ಕೊನೆಗೆ ಅರ್ಧ ನಿಂಬೆ. ಪಾನಕಕ್ಕೆ ಬೆಲ್ಲ ಮಾಮೂಲಿಗಿಂತ ಒಂದು ಕೈ ಮುಂದಿರಲಿ, ಐಸು ಕರಗಿದಾಗ ಸರಿಹೋಗುತ್ತದೆ. ಅದು ಬಂದ ರುಚಿಗೆ ನನಗೆ ನನ್ನ ಮೇಲೇ ಗೌರವ ಹುಟ್ಟಿತು. ಆಮೇಲೆ ಕೂತು ಲೆಕ್ಕ ಹಾಕಿದೆ: ಬೆಲ್ಲ ಕುಟ್ಟಿದ್ದು ಅತ್ತೆ, ಸೋಸಿದ್ದು ಅತ್ತೆ, ಹದ ನೋಡಿದ್ದು ಅತ್ತೆ. ನನ್ನ ಪಾಲಿನ ಪ್ರತಿಭೆ ಕೆಮ್ಮಿನ ಮುಚ್ಚಳದಲ್ಲಿ ನಾಲ್ಕೂವರೆ.

ಗೋವಾದವರ ಊರಾಕ್ ಬಗ್ಗೆ ಹೇಳದಿದ್ದರೆ ಬೇಸಿಗೆಯ ಮಾತು ಮುಗಿಯುವುದಿಲ್ಲ. ಗೇರುಹಣ್ಣಿನ ಹುಳಿಬಂದ ರಸವನ್ನು ಮೊದಲ ಸಲ ಭಟ್ಟಿ ಇಳಿಸಿದಾಗ ಸಿಗುವುದು ಊರಾಕ್. ಮತ್ತೆ ಇಳಿಸಿದರೆ ಫೆನಿ. ಬೇಸಿಗೆಯ ಕೆಲವೇ ತಿಂಗಳು ಸಿಗುವ ಊರಾಕಿಗೆ ನಿಂಬೆಯ ಸೋಡಾ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಕುಡಿಯುತ್ತಾರೆ. ಅದಕ್ಕೆ ಗೋವಾಕ್ಕೇ ಹೋಗಬೇಕು. ನಮ್ಮ ಕರಾವಳಿಯಲ್ಲೂ ಗೇರುಬೀಜ ಕಿತ್ತುಕೊಂಡು ಹಣ್ಣನ್ನು ಮರದಡಿ ಬಿಟ್ಟು ಬರುವುದನ್ನು ಕಂಡಾಗ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ಪಾನಕದ ಯಶಸ್ಸು ತಲೆಗೇರಿ ನೆಂಟರನ್ನು ಕರೆದೆ. ಲೋಕಸಭೆಗೆ ಬೆಂಗಳೂರು ವೋಟು ಹಾಕಿದ್ದು ಏಪ್ರಿಲ್ 26ರ ಶುಕ್ರವಾರ; ರಜೆ, ಜತೆಗೆ ವಾರಾಂತ್ಯ. ಬೆರಳಿನ ಶಾಯಿ ತೋರಿಸಿದವರಿಗೆ ಪುಕ್ಕಟೆ ದೋಸೆ ಕೊಟ್ಟ ಹೋಟೆಲುಗಳೂ ಊರಲ್ಲಿದ್ದವು. ನಾನೇಕೆ ಹಿಂದೆ ಬೀಳಲಿ? "ಶಾಯಿ ತೋರಿಸಿ, ಕಾಕ್‌ಟೇಲ್ ಕುಡಿಯಿರಿ" ಎಂದು ಕುಟುಂಬದವರಿಗೆಲ್ಲ ಕಳಿಸಿದೆ. ಅಂಗಡಿಗಳು ಬುಧವಾರ ಸಂಜೆಯಿಂದಲೇ ಮುಚ್ಚುವುದು ಗೊತ್ತಿದ್ದರಿಂದ ಮುಂಚಿತವಾಗಿ ಬಾಟಲಿಗಳನ್ನು ತಂದು ಬೀರುವಿನ ಮೇಲೆ ಸಾಲಾಗಿ ನಿಲ್ಲಿಸಿಯೂ ಇದ್ದೆ. ಇಷ್ಟು ಮುಂದಾಲೋಚನೆ ನನ್ನಿಂದ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದು ಮನೆಯಾಕೆಯ ಸಾಕ್ಷ್ಯ.

ಮಧ್ಯಾಹ್ನ ಒಂದರ ಹೊತ್ತಿಗೆ ಎಲ್ಲರೂ ಬೆರಳೆತ್ತಿಕೊಂಡು ಬಂದರು. ಸಿಂಗಪುರದಿಂದ ರಜೆಗೆ ಬಂದಿದ್ದ ಭಾವಮೈದ, "ಭಾವ, ನನಗೆ ಸಿಂಗಪುರ್ ಸ್ಲಿಂಗ್" ಅಂದ. ಆ ಊರಿನ ರಾಫಲ್ಸ್ ಹೋಟೆಲಿನಲ್ಲಿ ಹುಟ್ಟಿದ ಪಾನೀಯ. ಜಿನ್ನು, ಚೆರ್ರಿಯ ಮದ್ಯ, ಕಿತ್ತಳೆಯ ಮದ್ಯ, ಗಿಡಮೂಲಿಕೆಯ ಮದ್ಯ, ಅನಾನಸಿನ ರಸ, ನಿಂಬೆ, ದಾಳಿಂಬೆ ಪಾಕ, ಕಹಿ ಹನಿ ಎಲ್ಲ ಬೇಕು. ನಮ್ಮಲ್ಲಿ ಜಿನ್ನು, ನಿಂಬೆ ಬಿಟ್ಟರೆ ಇದ್ದದ್ದು ಅನಾನಸು ಒಂದೇ, ಅದೂ ಆಗಲೇ ಗೊಜ್ಜಾಗಿತ್ತು.

ನಾನು ಷೇಕರ್ ಎತ್ತಿದೆ. ಆಗ ನನ್ನ ಷಡ್ಡಕ ಗಂಟಲು ಸರಿಮಾಡಿಕೊಂಡ. ಅವನು ವಕೀಲ. ಕೋರ್ಟಿನಲ್ಲಿ ಅವನು ಮಾತಾಡಿದ್ದನ್ನು ಕೇಳಿದವರು ಕಡಿಮೆ, ನೆಂಟರ ಮನೆಯಲ್ಲಿ ತಪ್ಪಿಸಿಕೊಂಡವರಿಲ್ಲ. "ಒಂದು ನಿಮಿಷ. ಪ್ರಜಾ ಪ್ರಾತಿನಿಧ್ಯ ಕಾಯ್ದೆ, 1951. ಸೆಕ್ಷನ್ 135ಸಿ. ಮತದಾನ ಮುಗಿಯುವ ಗಳಿಗೆಗೆ ಕೊನೆಯಾಗುವ 48 ಗಂಟೆ ಮದ್ಯ ಮಾರುವಂತಿಲ್ಲ."

"ನಾನು ಮಾರುತ್ತಿಲ್ಲವಲ್ಲಪ್ಪ."

"ಕೊಡುವಂತಿಲ್ಲ, ಹಂಚುವಂತಿಲ್ಲ. ಹೋಟೆಲು, ಅಂಗಡಿ ಅಷ್ಟೇ ಅಲ್ಲ, ಸಾರ್ವಜನಿಕವೋ ಖಾಸಗಿಯೋ ಯಾವ ಸ್ಥಳದಲ್ಲೂ. ಆರು ತಿಂಗಳವರೆಗೆ ಸಜೆ, ಇಲ್ಲ 2000 ರೂಪಾಯಿವರೆಗೆ ದಂಡ, ಇಲ್ಲ ಎರಡೂ."

ಮನೆಯಾಕೆ ಆಸಕ್ತಿಯಿಂದ, "ಆರು ತಿಂಗಳು ಎಲ್ಲಿಡ್ತಾರೆ?" ಎಂದು ವಿಚಾರಿಸಿದಳು. ಊಟ ತಿಂಡಿ ಅವರದೇನಾ ಎಂಬುದನ್ನೂ ಕೇಳಿಕೊಂಡಳು.

ಮತದಾನ ಮುಗಿಯುವುದು ಸಂಜೆ ಆರಕ್ಕೆ. ಆರರವರೆಗೆ ಕಾಯೋಣ, ಅಷ್ಟರಲ್ಲಿ ಊಟ ಮುಗಿಸೋಣ ಎಂದು ಸಭೆ ತೀರ್ಮಾನಿಸಿತು. ನನ್ನ ಸೋಲು ಅಲ್ಲೇ ಶುರುವಾದದ್ದು, ಯಾಕೆಂದರೆ ಊಟಕ್ಕೆ ಅತ್ತೆ ಅಪ್ಪೆಹುಳಿ ಮಾಡಿದ್ದರು.

ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಳಿಯೂ ಪರಿಮಳವೂ ಇರುವ ಮಾವಿನಕಾಯಿ, ಅಪ್ಪೆಯೇ ಸಿಕ್ಕಿದರೆ ಭಾಗ್ಯ. ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಬೇಕೆಂದರೆ ಕಾಣದಷ್ಟು ಸಿಹಿ. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಮೆಣಸಿನಕಾಯಿಯ ಒಗ್ಗರಣೆ. ಸಾರಿಗಿಂತ ತೆಳ್ಳಗಿರಬೇಕು, ಅನ್ನಕ್ಕೂ ಆಯಿತು, ಲೋಟದಲ್ಲಿ ಸುರಿದುಕೊಂಡು ಕುಡಿಯಲೂ ಆಯಿತು. ಹುಳಿ, ಉಪ್ಪು, ಖಾರ ಒಂದಕ್ಕೊಂದು ಸರಿಸಮ ನಿಲ್ಲುವ ಹದವಿದೆಯಲ್ಲ, ನಾನು ಪುಸ್ತಕ ಮುಂದಿಟ್ಟುಕೊಂಡು ಮುಚ್ಚಳದಲ್ಲಿ ಅಳೆದು ಹುಡುಕುತ್ತಿದ್ದದ್ದು ಅದನ್ನೇ. ಅತ್ತೆ ಅದನ್ನು ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ಮುಗಿಸುತ್ತಾರೆ. ಮೆಕ್ಸಿಕೋದವರು ಮಾರ್ಗರಿಟಾಗೆ ಗ್ಲಾಸಿನ ಅಂಚಿಗೆ ಉಪ್ಪು ಮೆತ್ತುತ್ತಾರೆ ಅಂದೆ. "ಒಳಗೆ ಹಾಕೋದಕ್ಕೆ ಮರೆತು ಆಮೇಲೆ ಮೆತ್ತಿರಬೇಕು, ಪಾಪ" ಅಂದರು.

ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಎಂಬುದು ಆ ಸೀಮೆಯ ಅನುಭವಸಿದ್ಧ ಮಾತು. ಕಾರಣ ಮಾವೋ, ಮೇಲಿನ ಅನ್ನವೋ, ಏಪ್ರಿಲ್ಲಿನ ಮಧ್ಯಾಹ್ನವೋ, ನಾನು ತಕರಾರು ಮಾಡುವುದಿಲ್ಲ. ಎಲ್ಲರೂ ಎರಡೆರಡು ಲೋಟ ಕುಡಿದರು. ವಕೀಲ ಮೂರು ಕುಡಿದ, ಕಾಯ್ದೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟುಕೊಂಡು. ಮೂರೂವರೆ ಹೊತ್ತಿಗೆ ಹಾಲಿನಲ್ಲಿ ಚಾಪೆಗಳು ಬಿಚ್ಚಿಕೊಂಡವು. ಭಾವಮೈದ ಸೋಫಾದ ಮೇಲೆ, ವಕೀಲ ಫ್ಯಾನಿನ ನೇರ ಕೆಳಗೆ, ಮಕ್ಕಳು ಅಡ್ಡಡ್ಡ. ಯಾರ ಮುಖದಲ್ಲೂ ಕಾಕ್‌ಟೇಲಿನ ಹಂಬಲದ ಸುಳಿವಿರಲಿಲ್ಲ.

ನಾನು ಮಾತ್ರ ಎಚ್ಚರವಾಗಿದ್ದೆ. ಪುದೀನ ತೊಳೆದೆ, ನಿಂಬೆ ಹಿಂಡಿದೆ, ಅವರೆಬೇಳೆಯನ್ನು ಸ್ಥಾನಪಲ್ಲಟಗೊಳಿಸಿ ಸಂಪಾದಿಸಿದ ಐಸನ್ನು ಕಾವಲು ಕಾದೆ. ಆರು ಹೊಡೆದದ್ದೇ ತಟ್ಟೆ ಹಿಡಿದು ಹಾಲಿಗೆ ಬಂದು, "ಮತದಾನ ಮುಕ್ತಾಯ!" ಎಂದು ಘೋಷಿಸಿದೆ. ವಕೀಲ ಒಂದು ಕಣ್ಣು ತೆರೆದ. "ಮುಗೀತಾ? ಒಳ್ಳೇದಾಯ್ತು. ಹಾಗಾದರೆ ಒಂದು ಸ್ಟ್ರಾಂಗ್ ಕಾಫಿ ಆಗಲಿ." ಸಿಂಗಪುರದವನು ನನಗೂ ಒಂದು ಅಂದ. ಆ ಸಂಜೆ ನಾನು ಅಷ್ಟು ಮಂದಿಗೂ ಫಿಲ್ಟರ್ ಕಾಫಿ ಹಂಚಿದೆ. ಹಾಲು ತರಲು ಹೋದದ್ದೂ ನಾನೇ.

ಷೇಕರ್ ಈಗ ನನ್ನ ವಶದಲ್ಲಿಲ್ಲ. ಅದರ ಜರಡಿ ಮುಚ್ಚಳ ಅತ್ತೆಯ ಕಣ್ಣಿಗೆ ಬಿದ್ದದ್ದೇ ತಡ, ಮಜ್ಜಿಗೆಗೆ ಸೇರಿಕೊಂಡಿತು. ಮೊಸರು, ನೀರು, ಜಜ್ಜಿದ ಶುಂಠಿ, ಹಸಿಮೆಣಸು, ಕರಿಬೇವು, ಇಂಗು ಹಾಕಿ ನಾಲ್ಕು ಸಲ ಕುಲುಕಿದರೆ ನೊರೆನೊರೆ ಮಜ್ಜಿಗೆ ಸಿದ್ಧ. ಬಗ್ಗಿಸಿದರೆ ಸೊಪ್ಪು ಸದೆ ಒಳಗೇ ಉಳಿಯುತ್ತದೆ, ಬಾಯಿಗೆ ಸಿಗುವುದಿಲ್ಲ. ಇಷ್ಟು ಒಳ್ಳೆಯ ಮಜ್ಜಿಗೆ ಡಬ್ಬವನ್ನು ಅಳಿಯಂದಿರು ಹುಡುಕಿ ತಂದಿದ್ದಾರೆ ಎಂದು ಅವರು ಶಿರಸಿಗೆ ಫೋನು ಮಾಡಿ ಹೇಳಿದ್ದೂ ಆಗಿದೆ. ಹೋದ ಶನಿವಾರ ಮೆಲ್ಲನೆ ಕೇಳಿದೆ, ಒಂದು ಸಂಜೆಯ ಮಟ್ಟಿಗೆ ಅದು ಸಿಗಬಹುದೇ ಅಂತ. ಮನೆಯಾಕೆ ತೊಳೆದು ತಂದು ಕೊಟ್ಟಳು. ಮೂಸಿ ನೋಡಿದೆ.

"ಇಂಗಿನ ವಾಸನೆ ಹೋಗಿಲ್ಲ" ಅಂದೆ.

"ಇರಲಿ ಬಿಡಿ. ನಿಮ್ಮ ಮೊಹಿಟೊಗೆ ಅದೊಂದೇ ಕಮ್ಮಿ ಇದ್ದದ್ದು."